ಪಡಸಾಲೆಯ ಅಳತೆಗೊಂದು ಲೆನ್ಸ್

ಹಳ್ಳಿಯ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಮೂರು ದಿನದೊಳಗೆ ಒಂದು ಹುಡುಕಾಟ ಶುರುವಾಗುತ್ತದೆ. ಟ್ರಂಕು, ಮದುವೆ ಆಲ್ಬಂ, ಮೊಮ್ಮಗನ ಮೊಬೈಲು, ಆಧಾರ್ ಕಾರ್ಡು ಎಲ್ಲ ತಡಕಾಡಿದ ಮೇಲೆ ಸಿಗುವುದು ಯಾರದೋ ಮದುವೆಯ ಗ್ರೂಪ್ ಫೋಟೊದ ಹಿಂದಿನ ಸಾಲಿನಲ್ಲಿ ನಿಂತ ಒಂದು ಮುಖ. ಅದನ್ನು ಸ್ಟುಡಿಯೊಕ್ಕೆ ಒಯ್ದು, ಕತ್ತರಿಸಿ, ದೊಡ್ಡದು ಮಾಡಿಸಿ, ಹಿಂದೆ ನೀಲಿ ಬಣ್ಣ ತುಂಬಿಸಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಾಗಲಿ, ಆಚೆ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಸೀಮೆಯಲ್ಲಾಗಲಿ ಇಂಥ ಫೋಟೊ ಕಾಣದ ಪಡಸಾಲೆ ಅಪರೂಪ. ಎಂಬತ್ತು ವರ್ಷ ಬಾಳಿದ ಮನುಷ್ಯನ ಗುರುತಾಗಿ ಉಳಿಯುವುದು ಕಣ್ಣು ಮೂಗು ಕಲಸಿಹೋದ ಒಂದು ಮಸುಕು ಚಿತ್ರ.

ಅದು ಮಸುಕಾಗುವುದಕ್ಕೆ ಕಾರಣ ಸರಳ ಲೆಕ್ಕದಲ್ಲೇ ಇದೆ. ಈಗಿನ ಸಾಧಾರಣ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 6000 ಪಿಕ್ಸೆಲ್ ಇರುತ್ತದೆ. ಇಪ್ಪತ್ತು ಜನ ಹೆಗಲಿಗೆ ಹೆಗಲು ಹಚ್ಚಿ ನಿಂತರೆ ಸಾಲು ಹೆಚ್ಚುಕಡಿಮೆ 10 ಮೀಟರ್. ಅದರಲ್ಲಿ 16 ಸೆಂಟಿಮೀಟರ್ ಅಗಲದ ಒಂದು ಮುಖದ ಪಾಲಿಗೆ ಬರುವುದು ನೂರು ಪಿಕ್ಸೆಲ್ಲೂ ಅಲ್ಲ. ಲ್ಯಾಬಿನವರ 300 ಡಿಪಿಐ ಲೆಕ್ಕಕ್ಕೆ ಮುದ್ರಿಸಿದರೆ ಅದು ಇಂಚಿನ ಮೂರನೇ ಒಂದು ಪಾಲು. ಅದನ್ನು ಎಳೆದೆಳೆದು 12×18 ಇಂಚಿನ ಕಟ್ಟಿಗೆ ಹಿಗ್ಗಿಸಿದರೆ ಮುಖದಲ್ಲಿ ಏನು ಉಳಿದೀತು? ಅದೇ ಮನುಷ್ಯನನ್ನು ಆರೂವರೆ ಅಡಿ ದೂರದಲ್ಲಿ ಕೂರಿಸಿ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, 50 ಎಂ.ಎಂ. ಲೆನ್ಸಿನಲ್ಲಿ ತೆಗೆದರೆ ಮುಖವೊಂದಕ್ಕೇ ಸಾವಿರಕ್ಕೂ ಮಿಕ್ಕಿ ಪಿಕ್ಸೆಲ್ ಸಿಗುತ್ತದೆ.

ಹಳ್ಳಿಗಳಲ್ಲಿ ಈಗ ಕ್ಯಾಮೆರಾಗೆ ಬರವಿಲ್ಲ. ಮದುವೆ, ಸೀಮಂತ, ಜಾತ್ರೆ, ಗೃಹಪ್ರವೇಶ ಎಂದು ಆರ್ಡರ್ ಹಿಡಿಯುವ ಹುಡುಗರು ಊರಿಗಿಬ್ಬರಾದರೂ ಇದ್ದಾರೆ. ಹೆಚ್ಚಿನವರ ಕೈಲಿರುವುದು ಹಳೆಯ ನಿಕಾನ್ ಅಥವಾ ಕ್ಯಾನನ್ ಬಾಡಿ, ಅದರ ಜೊತೆಗೇ ಬಂದ 18-55 ಕಿಟ್ ಲೆನ್ಸ್. ಒಂದಷ್ಟು ದುಡ್ಡು ಕೈಗೆ ಬಂದಾಗ ಅವರು ಕೇಳುವ ಪ್ರಶ್ನೆ ಒಂದೇ: ಮುಖ ಚೆನ್ನಾಗಿ ಬರಬೇಕು, ಯಾವ ಲೆನ್ಸ್ ತಗೊಳ್ಳಲಿ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎಫ್ 1.8ರ ಸಾದಾ 50 ಎಂ.ಎಂ. ತಗೊಳ್ಳಿ. ದೊಡ್ಡ ಊರಿನ ಸ್ಟುಡಿಯೊದವರು ಹೊಗಳುವ 85ಕ್ಕೆ ಆಮೇಲೆ ಬಂದರಾಯಿತು. ಹೀಗೆನ್ನಲು ದುಡ್ಡಿಗಿಂತ ದೊಡ್ಡ ಕಾರಣ ನಮ್ಮ ಮನೆಗಳ ಅಳತೆ ಮತ್ತು ನಮ್ಮ ಮನೆಗಳ ಬೆಳಕು.

ಬೆಳಕಿನ ಹಸಿವು

ಫೋಟೊಗ್ರಫಿ ಶುರುವಾದಾಗಿನಿಂದ ಮುಖಕ್ಕೆ ಬೇಕಾದಷ್ಟು ಬೆಳಕು ಸಿಕ್ಕಿದ್ದೇ ಕಡಿಮೆ. 1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೆರ್ ತನ್ನ ವಿಧಾನವನ್ನು ಲೋಕಕ್ಕೆ ತೋರಿಸಿದಾಗ ಬಿಸಿಲಲ್ಲೂ ನಿಮಿಷಗಟ್ಟಲೆ ಅಲ್ಲಾಡದೆ ಕೂರಬೇಕಿತ್ತು. ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಹಿಡಿಕೆ ಕೊಡುತ್ತಿದ್ದರು. 1840ರಲ್ಲಿ ವಿಯೆನ್ನಾದ ಗಣಿತ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ರೂಪಿಸಿದ, ಫಾಯ್ಕ್ಟ್‌ಲೆಂಡರ್ ಕಂಪನಿ ತಯಾರಿಸಿದ ಲೆನ್ಸ್ ಸುಮಾರು ಎಫ್ 3.6ರದು. ಅಲ್ಲಿಯವರೆಗಿನ ಲೆನ್ಸುಗಳಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಅದು ಒಳಗೆ ಬಿಟ್ಟಿತು. ಮನುಷ್ಯರ ಮುಖಕ್ಕೆಂದೇ ಹುಟ್ಟಿದ ಮೊದಲ ಲೆನ್ಸ್ ಅದು. ಝೂಮ್ ಇಲ್ಲದ ಪ್ರೈಮ್ ಲೆನ್ಸ್.

ನಮ್ಮ ಪಕ್ಕದಲ್ಲೇ, 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಹಂಪಿಯ ಗುಡಿ ಗೋಪುರಗಳನ್ನು ಕಾಗದದ ನೆಗೆಟಿವ್ ಮೇಲೆ ಹಿಡಿದ. ವಿಜಯನಗರದ ಅವಶೇಷಗಳ ಅತಿ ಹಳೆಯ ಫೋಟೊಗಳು ಅವೇ. ಕಲ್ಲು ಎಷ್ಟು ಹೊತ್ತಾದರೂ ಅಲುಗದೆ ನಿಲ್ಲುತ್ತದೆ. ಓಡಾಡುವ ಮನುಷ್ಯ ಅಂಥ ದೀರ್ಘ ಎಕ್ಸ್‌ಪೋಷರಿನಲ್ಲಿ ಹೊಗೆಯಂತಾಗುತ್ತಾನೆ, ಇಲ್ಲವೇ ಮಾಯವಾಗುತ್ತಾನೆ.

ಕಿಟ್ ಲೆನ್ಸಿನ ಕಷ್ಟವೂ ಇದೇ ಜಾತಿಯದು. ಅದನ್ನು 55ಕ್ಕೆ ಎಳೆದರೆ ಅಪರ್ಚರ್ ಎಫ್ 5.6ಕ್ಕಿಂತ ಅಗಲ ತೆರೆಯುವುದಿಲ್ಲ. ಎಫ್ 1.8 ಅದರ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ತರುತ್ತದೆ. ಸಂಜೆ ಐದರ ಹೊತ್ತಿಗೆ ಮಾಳಿಗೆ ಮನೆಯ ಪಡಸಾಲೆಯಲ್ಲಿ ಐಎಸ್‌ಒ 1600 ಇಟ್ಟು 50ರಲ್ಲಿ ಸೆಕೆಂಡಿನ 125ನೇ ಒಂದು ಭಾಗದ ಶಟರ್ ಸಿಕ್ಕರೆ, ಅದೇ ಜಾಗದಲ್ಲಿ ಕಿಟ್ ಲೆನ್ಸಿಗೆ ಸಿಗುವುದು 13ನೇ ಒಂದು ಭಾಗ. ಕೈ ನಡುಗುವುದನ್ನು ಲೆನ್ಸಿನೊಳಗಿನ ಸ್ಟೆಬಿಲೈಸರ್ ಸರಿಪಡಿಸೀತು. ಮಾತಾಡುತ್ತ ತಲೆ ಆಡಿಸುವ ಅಜ್ಜನನ್ನು, ತೊಡೆಯ ಮೇಲೆ ಕೊಸರಾಡುವ ಕೂಸನ್ನು ಅದು ಹಿಡಿದು ನಿಲ್ಲಿಸಲಾರದು. ಆಗ ಹುಡುಗರು ಕ್ಯಾಮೆರಾದ ಫ್ಲ್ಯಾಶ್ ಎಬ್ಬಿಸುತ್ತಾರೆ. ಮುಖ ಸುಣ್ಣ ಬಳಿದಂತಾಗಿ, ಹಿಂದಿನ ಗೋಡೆಯ ಮೇಲೆ ಕರೀ ನೆರಳು ಅಂಟಿಕೊಂಡು, ಆ ಮನೆಯ ಬೆಳಕೆಲ್ಲ ಸತ್ತುಹೋಗುತ್ತದೆ.

ಇಷ್ಟು ಬೆಳಕು ತರುವ ಲೆನ್ಸ್ ಇಷ್ಟು ಅಗ್ಗವಾಗಿ ಹೇಗೆ ಸಿಗುತ್ತದೆ ಎಂಬ ಅನುಮಾನ ಸಹಜ. ಎಸ್ಸೆಲ್ಲಾರ್ ಕ್ಯಾಮೆರಾದ ಒಳಗೆ ಕನ್ನಡಿಯೊಂದು ಮೇಲೆ ಕೆಳಗೆ ಆಡಬೇಕು. ಅದಕ್ಕೆ ಜಾಗ ಬಿಟ್ಟು ಲೆನ್ಸ್ ಕೂರಿಸಬೇಕಾದ್ದರಿಂದ ಕ್ಯಾನನ್‌ನಲ್ಲಿ ಸೆನ್ಸರಿಗೂ ಲೆನ್ಸ್ ಕೂರುವ ಬಳೆಗೂ 44 ಎಂ.ಎಂ., ನಿಕಾನ್‌ನಲ್ಲಿ 46.5 ಎಂ.ಎಂ. ಅಂತರವಿದೆ. 50ರ ಲೆನ್ಸ್ ಆ ಅಂತರಕ್ಕೆ ಸರಾಗವಾಗಿ ಹೊಂದುತ್ತದೆ. 24, 28ರಂಥ ಅಗಲ ನೋಟದ ಲೆನ್ಸುಗಳನ್ನು ಅಲ್ಲಿ ಕೂರಿಸಲು ಹೆಚ್ಚುವರಿ ಗಾಜು, ಹೆಚ್ಚುವರಿ ಕಸರತ್ತು ಬೇಕು. 50ಕ್ಕೆ ಆರೇಳು ಗಾಜು ಸಾಕು. ಅದರ ವಿನ್ಯಾಸದ ಬೇರು ಜರ್ಮನಿಯ ಪೌಲ್ ರುಡಾಲ್ಫ್ 1896ರಲ್ಲಿ ಝೈಸ್ ಕಂಪನಿಗೆ ಮಾಡಿಕೊಟ್ಟ ಪ್ಲಾನಾರ್ ಲೆನ್ಸಿನಲ್ಲಿದೆ. ಫಿಲ್ಮಿನ ಕಾಲದಲ್ಲಿ ಕ್ಯಾಮೆರಾ ಕೊಂಡರೆ ಜೊತೆಗೆ ಬರುತ್ತಿದ್ದ ಲೆನ್ಸೇ 50. ನೂರು ವರ್ಷ ತಿದ್ದಿ ತೀಡಿದ ವಿನ್ಯಾಸ, ಲಕ್ಷಗಟ್ಟಲೆ ತಯಾರಿಕೆ. ಬೆಲೆ ಇಳಿದದ್ದು ಈ ಕಾರಣಕ್ಕೆ. ಗಾಜು ಕಳಪೆ ಎಂದು ಯಾರೂ ಹಿಂಜರಿಯಬೇಕಿಲ್ಲ.

ಎಲ್ಲಿ ನಿಲ್ಲುತ್ತೀರಿ ಎನ್ನುವುದೇ ಮುಖ್ಯ

ಉದ್ದ ಲೆನ್ಸಿನಲ್ಲಿ ಮುಖ ಚೆಂದ ಬರುತ್ತದೆ ಎಂಬ ಮಾತು ಅರ್ಧ ನಿಜ. ಮುಖದ ಆಕಾರ ಬದಲಾಗುವುದು ನಾವು ನಿಲ್ಲುವ ದೂರದಿಂದ. ಮೂಗಿನ ತುದಿ ಕಿವಿಗಿಂತ ಸುಮಾರು 12 ಸೆಂಟಿಮೀಟರ್ ಮುಂದಿದೆ. ಮೊಬೈಲನ್ನು ಮುಖದಿಂದ ಅರ್ಧ ಮೀಟರ್ ದೂರಕ್ಕೆ ಹಿಡಿದರೆ ಕಿವಿಗೆ ಹೋಲಿಸಿದಾಗ ಮೂಗು ಕಾಲು ಪಾಲಿನಷ್ಟು ಉಬ್ಬಿ ಕಾಣುತ್ತದೆ. ಎರಡು ಮೀಟರ್ ದೂರಕ್ಕೆ ಸರಿದರೆ ಆ ಉಬ್ಬು ನೂರಕ್ಕೆ ಆರಕ್ಕೆ ಇಳಿಯುತ್ತದೆ. ಸೆಲ್ಫಿಯಲ್ಲಿ ಎಲ್ಲರ ಮೂಗೂ ದಪ್ಪಗೆ, ಕಿವಿಗಳು ಹಿಂದಕ್ಕೆ ಓಡಿಹೋದಂತೆ ಕಾಣುವುದಕ್ಕೆ ಕಾರಣ ಇದು. ಹಾಗಾಗಿ ಮೊದಲು ಗೊತ್ತುಮಾಡಬೇಕಾದದ್ದು ದೂರ. ಆ ದೂರದಿಂದ ಎದೆಮಟ್ಟದ ಚಿತ್ರ ಕೊಡುವ ಲೆನ್ಸ್ ಯಾವುದೋ ಅದು ನಿಮ್ಮ ಲೆನ್ಸ್.

ಈಗ ಪಡಸಾಲೆಗೆ ಬನ್ನಿ. ನಮ್ಮ ಹಳೆಯ ಮನೆಗಳ ಪಡಸಾಲೆ ಹತ್ತರಿಂದ ಹನ್ನೆರಡು ಅಡಿ ಅಗಲ. ಒಂದು ಮಗ್ಗುಲಲ್ಲಿ ಚೀಲಗಳ ಒಟ್ಟಿಲು, ಇನ್ನೊಂದು ಮಗ್ಗುಲಲ್ಲಿ ಟ್ರಂಕು, ಹಾಸಿಗೆ ಸುರುಳಿ. ನಮ್ಮ ಹುಡುಗರ ಕ್ಯಾಮೆರಾಗಳಲ್ಲಿ ಬಹುಪಾಲು ಚಿಕ್ಕ ಸೆನ್ಸರಿನವು, ಎಪಿಎಸ್-ಸಿ ಎನ್ನುತ್ತಾರಲ್ಲ ಅವು. ಅವುಗಳಲ್ಲಿ 50ರ ಲೆನ್ಸ್ ನಿಕಾನ್, ಸೋನಿಯಲ್ಲಾದರೆ 75ರಂತೆ, ಕ್ಯಾನನ್‌ನಲ್ಲಾದರೆ 80ರಂತೆ ನೋಡುತ್ತದೆ. ಎರಡು ಮೀಟರ್ ದೂರದಿಂದ ಉದ್ದಕ್ಕೆ ಹಿಡಿದರೆ ಚೌಕಟ್ಟಿನೊಳಗೆ ಬರುವುದು 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರ. ತಲೆಯ ರುಮಾಲಿನಿಂದ ಮಡಿಲಲ್ಲಿಟ್ಟ ಕೈಯವರೆಗೆ ಸರಿಯಾಗಿ ತುಂಬುತ್ತದೆ. ಇದೇ ಚೌಕಟ್ಟು 85ರಲ್ಲಿ ಬೇಕೆಂದರೆ 3.4 ಮೀಟರ್, ಅಂದರೆ ಹನ್ನೊಂದು ಅಡಿ ಹಿಂದೆ ಸರಿಯಬೇಕು. ಕೂತವರ ಬೆನ್ನ ಹಿಂದಿನ ಜಾಗ, ನಿಮ್ಮ ಮೈ ಹಿಡಿಸುವ ಜಾಗ ಸೇರಿಸಿದರೆ ಹದಿನೈದು ಅಡಿ ಆಯಿತು. ಗೋಡೆ ಒಡೆದು ಬೀದಿಗೆ ಇಳಿಯಬೇಕಾಗುತ್ತದೆ.

ಆರೂವರೆ ಅಡಿ ದೂರಕ್ಕೆ ಇನ್ನೊಂದು ಗುಣವಿದೆ. ಅದು ಮಾತಾಡುವ ದೂರ. ಮಲ್ಲಿಗೆ ಕಟ್ಟುತ್ತ ಕೂತ ಹಿರಿಯಳನ್ನು “ಯವ್ವಾ, ನಿಂದೊಂದು ಫೋಟೊ ತಗೀಲೇನು” ಎಂದು ಕೇಳಿದರೆ “ನಂದೇನ್ ತಗೀತಿ ಬಿಡಪಾ, ಮುದುಕಿದು” ಎಂದು ಸೆರಗು ಎಳೆದುಕೊಳ್ಳುತ್ತಾಳೆ. ಅವಳನ್ನು ಒಪ್ಪಿಸಬೇಕಾದರೆ ಕೂತು ಮಾತಾಡಬೇಕು. ಮಳೆ, ಬೆಳೆ, ಮೊಮ್ಮಕ್ಕಳ ಮಾತು ಬರಬೇಕು. ಅವಳ ಬೆರಳು ಮತ್ತೆ ನೂಲಿಗೆ ಹೋದಾಗ, ಮಾತಿನ ನಡುವೆ ಕಣ್ಣೆತ್ತಿ ನೋಡಿದಾಗ ಶಟರ್ ಒತ್ತಬೇಕು. ಅಂಗಳದ ಆಚೆ ನಿಂತು ಉದ್ದ ಲೆನ್ಸಿನಲ್ಲಿ ಕದ್ದು ತೆಗೆದ ಚಿತ್ರದಲ್ಲಿ ಆ ನೋಟ ಇರುವುದಿಲ್ಲ.

ಉದ್ದ ಲೆನ್ಸಿನ ಬಗ್ಗೆ ನನಗೆ ತಕರಾರಿಲ್ಲ. 1984ರಲ್ಲಿ ಸ್ಟೀವ್ ಮೆಕರಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ತೆಗೆದ, ಹಸಿರು ಕಣ್ಣಿನ ಅಫ್ಘನ್ ಹುಡುಗಿಯ ಜಗತ್ಪ್ರಸಿದ್ಧ ಚಿತ್ರ ನಿಕಾನಿನ 105 ಎಂ.ಎಂ. ಎಫ್ 2.5 ಪ್ರೈಮ್ ಲೆನ್ಸಿನದು. ಫುಲ್ ಫ್ರೇಮ್ ಕ್ಯಾಮೆರಾ ಇದ್ದವರಿಗೆ, ಬಯಲಲ್ಲಿ, ಹೊಲದ ಬದುವಿನಲ್ಲಿ ಕೆಲಸ ಮಾಡುವವರಿಗೆ 85 ಒಳ್ಳೆಯದೇ. ಮದುವೆಯ ಕೋಣೆಯಲ್ಲಿ ನಾಲ್ಕಾರು ಜನರನ್ನು ಒಟ್ಟಿಗೆ ಹಿಡಿಯಬೇಕಾದವರಿಗೆ 35 ಅನುಕೂಲ. 2009ರಲ್ಲಿ ಬಂದ ನಿಕಾನ್ ಡಿಎಕ್ಸ್ 35 ಎಂ.ಎಂ. ಎಫ್ 1.8 ಈಗಲೂ ಒಳ್ಳೆಯ ಲೆನ್ಸ್. ಆದರೆ ಒಬ್ಬರ ಮುಖವನ್ನೇ ತುಂಬಿಸಲು ಹೊರಟರೆ ತೀರಾ ಹತ್ತಿರ ಹೋಗಬೇಕಾಗಿ ಮೂಗು ಮತ್ತೆ ಮುಂದೆ ಬರುತ್ತದೆ.

ಕೊಳ್ಳುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಬಹುದು. ಕಿಟ್ ಲೆನ್ಸಿನ ಝೂಮನ್ನು 50ಕ್ಕೆ ತಿರುಗಿಸಿ, ಜಾರದಂತೆ ಟೇಪು ಸುತ್ತಿ ಒಂದು ವಾರ ಓಡಾಡಿ. ಇನ್ನೊಂದು ವಾರ 35ಕ್ಕೆ. ನಿಮ್ಮ ಓಣಿಯ ಮನೆಗಳಲ್ಲಿ ಯಾವುದು ಉಸಿರು ಕಟ್ಟಿಸುತ್ತದೆ, ಯಾವುದು ಹೊಂದುತ್ತದೆ ಎಂದು ಕಾಲಿಗೇ ತಿಳಿಯುತ್ತದೆ.

ಯಾವುದಕ್ಕೆ ಯಾವುದು ಕೂರುತ್ತದೆ

ದುಡ್ಡು ಕಳೆದುಕೊಳ್ಳುವ ಜಾಗ ಇದು. ನಿಕಾನಿನ ಹಳೆಯ 50 ಎಂ.ಎಂ. 1.8 ಡಿ ಸೆಕೆಂಡ್ ಹ್ಯಾಂಡಿನಲ್ಲಿ ಬಹಳ ಅಗ್ಗಕ್ಕೆ ಸಿಗುತ್ತದೆ. ಅದರೊಳಗೆ ಫೋಕಸ್ ಮೋಟರ್ ಇಲ್ಲ. ಡಿ 3500, ಡಿ 5600ರಂಥ ಬಾಡಿಗಳಲ್ಲೂ ಮೋಟರ್ ಇಲ್ಲ. ಎರಡನ್ನೂ ಜೋಡಿಸಿದರೆ ಆಟೊಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಆ ಬಾಡಿಗಳಿಗೆ ಬೇಕಾದದ್ದು 2011ರಲ್ಲಿ ಬಂದ 1.8 ಜಿ. ಕ್ಯಾನನ್‌ನಲ್ಲಿ 1990ರ 50 ಎಂ.ಎಂ. 1.8ರ ಎರಡನೇ ಆವೃತ್ತಿ 130 ಗ್ರಾಂ ತೂಗುವ ಪ್ಲಾಸ್ಟಿಕ್ ಡಬ್ಬಿ. ಬೆಳಕು ಚೆನ್ನಾಗಿ ತರುತ್ತದೆ, ಫೋಕಸ್ ಮಾಡುವಾಗ ಗಿರ್ರೆಂದು ಸದ್ದು ಮಾಡುತ್ತದೆ. 2015ರಲ್ಲಿ ಬಂದ ಎಸ್‌ಟಿಎಂ ಆವೃತ್ತಿಯದು ಲೋಹದ ಬಳೆ, ಮೆತ್ತನೆಯ ಮೋಟರ್, ಐದರ ಬದಲು ಏಳು ಎಲೆಯ ಅಪರ್ಚರ್. ಹಿಂದಿನ ದೀಪಗಳು ಮಸುಕಾದಾಗ ಮೂಲೆಮೂಲೆಯಾಗದೆ ದುಂಡಗೆ ಬರುವುದು ಆ ಎಲೆಗಳಿಂದ. ಹಳೆಯದಕ್ಕೂ ಹೊಸದಕ್ಕೂ ದುಡ್ಡಿನ ಅಂತರ ಸಣ್ಣದಿದ್ದರೆ ಹಳೆಯದಕ್ಕೆ ಆಸೆಪಡಬೇಡಿ.

ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾ ಕೊಂಡವರು ಒಂದು ಮಾತು ನೆನಪಿಡಬೇಕು. ಕ್ಯಾನನ್ ಆರ್ ಸರಣಿಯ ಬಾಡಿಗೆ ಹಳೆಯ ಇಎಫ್ ಲೆನ್ಸನ್ನು ಅಡಾಪ್ಟರ್ ಹಾಕಿ ಬಳಸಬಹುದು. ಹೊಸ ಆರ್‌ಎಫ್ 50 ಹಳೆಯ ಡಿಎಸ್‌ಎಲ್‌ಆರ್‌ಗೆ ಯಾವ ಉಪಾಯದಿಂದಲೂ ಹೊಂದುವುದಿಲ್ಲ. ಹುಬ್ಬಳ್ಳಿ, ದಾವಣಗೆರೆಯಂಥ ಊರುಗಳಲ್ಲಿ ದಿನದ ಬಾಡಿಗೆಗೆ ಲೆನ್ಸ್ ಕೊಡುವವರಿದ್ದಾರೆ. ಒಂದು ಮದುವೆಗೆ ತಂದು ನೋಡಿ ಆಮೇಲೆ ಕೊಳ್ಳುವುದು ಜಾಣತನ.

ಬೆಳಕಿಂಡಿಯ ಕೆಳಗೆ ಕೂರಿಸಬೇಡಿ

ಮಾಳಿಗೆ ಮನೆಯ ಬೆಳಕು ಎರಡು ಕಡೆಯಿಂದ ಬರುತ್ತದೆ. ತಲೆಬಾಗಿಲಿನಿಂದ ಒಂದು, ಚಾವಣಿಯ ಬೆಳಕಿಂಡಿಯಿಂದ ಇನ್ನೊಂದು. ಬೆಳಕಿಂಡಿಯ ನೇರ ಕೆಳಗೆ ಕೂರಿಸಿದರೆ ಬೆಳಕು ನೆತ್ತಿಗೆ ಬಿದ್ದು ಕಣ್ಣಿನ ಗುಳಿ ಕಪ್ಪಾಗುತ್ತದೆ, ಮೂಗಿನ ನೆರಳು ತುಟಿಯ ಮೇಲೆ ಮೀಸೆಯಂತೆ ಕೂರುತ್ತದೆ. ವಯಸ್ಸಾದವರ ಕಣ್ಣುಗಳು ಮೊದಲೇ ಒಳಗಿಳಿದಿರುತ್ತವೆ, ಈ ಬೆಳಕಲ್ಲಿ ಪೂರಾ ಕಾಣೆಯಾಗುತ್ತವೆ. ಎರಡು ಹೆಜ್ಜೆ ಹಿಂದಕ್ಕೆ ಸರಿಸಿ, ಮುಖವನ್ನು ಬಾಗಿಲ ಕಡೆಗೆ ತಿರುಗಿಸಿ ಕೂರಿಸಿದರೆ ಸಾಕು. ಹೊರಗಿನ ಅಂಗಳದ ನೆಲಕ್ಕೆ ಬಿದ್ದ ಬಿಸಿಲು ಪುಟಿದು ಮುಖದ ಮೇಲೆ ಮೆತ್ತಗೆ ಹರಡುತ್ತದೆ. ಕಣ್ಣಿನೊಳಗೆ ಬಾಗಿಲಿನ ಆಕಾರದ ಚಿಕ್ಕ ಹೊಳಪು ಮೂಡುತ್ತದೆ. ಆ ಹೊಳಪು ಬಂತೆಂದರೆ ಅರ್ಧ ಕೆಲಸ ಮುಗಿದಂತೆ.

ಹಿರೇಹಡಗಲಿಯಲ್ಲೇ ಇದಕ್ಕಿಂತ ಒಳ್ಳೆಯ ಬೆಳಕು ಬೇಕೆಂದರೆ ಕಲ್ಲೇಶ್ವರ ಗುಡಿಗೆ ಹೋಗಬೇಕು. ಕಲ್ಯಾಣ ಚಾಲುಕ್ಯ ದೊರೆ ಒಂದನೇ ಸೋಮೇಶ್ವರನ ಕಾಲದಲ್ಲಿ, 1057ರ ಸುಮಾರಿಗೆ, ಅವನ ಮಂತ್ರಿ ದೇಮರಸ ಕಟ್ಟಿಸಿದ್ದೆಂದು ಶಾಸನದಿಂದ ತಿಳಿದುಬರುವ ಗುಡಿ ಅದು. ಬಾಗಿಲುವಾಡದ ಕೆತ್ತನೆಯ ಸೂಕ್ಷ್ಮವನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ. ನನಗೆ ಅಲ್ಲಿ ಇಷ್ಟವಾದದ್ದು ಬಳಪದ ಕಲ್ಲಿನ ಮೇಲೆ ಬೆಳಕು ಇಳಿಯುವ ರೀತಿ. ಹೊರಗೆ ಕಣ್ಣು ಕೋರೈಸುವ ಬಿಸಿಲಿದ್ದಾಗಲೂ ಒಳಗೆ ಹೆಜ್ಜೆಯಿಟ್ಟರೆ ಬೆಳಕು ಒಂದೇ ಕಡೆಯಿಂದ ತಣ್ಣಗೆ ಬರುತ್ತದೆ. ಅಂಥಲ್ಲಿ ಒಬ್ಬರನ್ನು ನಿಲ್ಲಿಸಿದರೆ ಮುಖದ ಅರ್ಧ ಬೆಳಕು, ಅರ್ಧ ನೆರಳು. ಪುರಾತತ್ವ ಸರ್ವೇಕ್ಷಣದ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಊರಲು ಅನುಮತಿ ಬೇಕಾಗುತ್ತದೆ. ಎಫ್ 1.8 ಇದ್ದರೆ ಟ್ರೈಪಾಡಿನ ಗೊಡವೆಯೇ ಇಲ್ಲ, ಕೈಯಲ್ಲಿ ಹಿಡಿದೇ ತೆಗೆಯಬಹುದು.

ಬಯಲಿನಲ್ಲಿ ಕಥೆ ತಿರುಗಿಬೀಳುತ್ತದೆ. ಫಿಲ್ಮಿನ ಕಾಲದವರ ಕೈಲೆಕ್ಕದಂತೆ ಸುಡುಬಿಸಿಲಲ್ಲಿ ಐಎಸ್‌ಒ 100, ಎಫ್ 16ಕ್ಕೆ ಶಟರ್ ನೂರನೇ ಒಂದು ಭಾಗ. ಅದೇ ಬಿಸಿಲಲ್ಲಿ ಎಫ್ 1.8ಕ್ಕೆ ತೆರೆದರೆ ಎಂಟು ಸಾವಿರನೇ ಒಂದು ಭಾಗ ಬೇಕು. ನಮ್ಮ ಸಾಧಾರಣ ಬಾಡಿಗಳ ಮಿತಿ ನಾಲ್ಕು ಸಾವಿರ. ಮಾರ್ಚ್ ತಿಂಗಳ ಹಡಗಲಿ ಬಿಸಿಲಿಗೆ ಎಫ್ 1.8 ಇಟ್ಟು ಮುಖ ಬೆಳ್ಳಗೆ ಸುಟ್ಟುಹೋಯಿತೆಂದು ಲೆನ್ಸನ್ನು ಬೈಯುವವರಿದ್ದಾರೆ. ತಪ್ಪು ಲೆನ್ಸಿನದಲ್ಲ. ಬೇವಿನ ಮರದ ನೆರಳಿಗೆ ಬನ್ನಿ, ಇಲ್ಲವೇ ಎಫ್ 2.8ಕ್ಕೆ ಇಳಿಸಿ.

ನೆರಳಿರಲಿ ಬಿಸಿಲಿರಲಿ, ಹಿರಿಯರ ಮುಖಕ್ಕೆ ನಾನು ಎಫ್ 2.8ರಿಂದ 4ರ ನಡುವೆಯೇ ಇರಿ ಎನ್ನುತ್ತೇನೆ. ಐದಡಿ ದೂರದಲ್ಲಿ ಎಫ್ 1.8ಕ್ಕೆ ಚೂಪಾಗಿ ಬರುವ ಆಳ ಬರೀ ಆರು ಸೆಂಟಿಮೀಟರ್. ಕಣ್ಣಿಗೆ ಫೋಕಸ್ ಮಾಡಿದರೆ ಮೂಗಿನ ತುದಿ ಹೇಗೋ ಸಿಗುತ್ತದೆ, ಕಿವಿ ಕರಗಿಹೋಗುತ್ತದೆ. ಮುಖ ತುಸು ಓರೆಯಾದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಂಜು. ಅಜ್ಜಿಯ ಕಿವಿಯ ಬೆಂಡೋಲೆ, ಅದರ ಭಾರಕ್ಕೆ ಹಿಗ್ಗಿದ ಕಿವಿಯ ತೂತು ಅವಳ ಮುಖದ ಭಾಗವಲ್ಲವೇ? ಅದನ್ನೇಕೆ ಮಸುಕು ಮಾಡಬೇಕು? ಎಫ್ 4ಕ್ಕೆ ಇಳಿಸಿದರೆ ಆ ಆಳ ಹದಿನಾಲ್ಕು ಸೆಂಟಿಮೀಟರಿಗೆ ಬೆಳೆಯುತ್ತದೆ, ಮೂಗುತಿಯಿಂದ ಬೆಂಡೋಲೆಯವರೆಗೆ ಎಲ್ಲ ಉಳಿಯುತ್ತದೆ. ಹಿಂದಿನದನ್ನೆಲ್ಲ ಬ್ಲರ್ ಮಾಡುವ ಹುಚ್ಚು ಈಗ ಅತಿಯಾಗಿದೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ತೆಗೆದ ಜನಸಾಮಾನ್ಯರ ಕಪ್ಪು ಬಿಳುಪು ಚಿತ್ರಗಳನ್ನು ನೋಡಿ. ಮನುಷ್ಯರ ಜೊತೆಗೆ ಅವರ ಬೀದಿ, ಅವರ ಬಾಗಿಲು, ಅವರ ಕೆಲಸವೂ ಇರುತ್ತದೆ. ಎಫ್ 1.8 ಬೇಕಾಗುವುದು ಬೆಳಕು ಸಾಲದಾದಾಗ, ಹಿಂದೆ ಪ್ಲಾಸ್ಟಿಕ್ ಕೊಡ, ಬಣ್ಣದ ಬ್ಯಾನರು ಕಣ್ಣಿಗೆ ಚುಚ್ಚುವಾಗ.

ಮೊಬೈಲಿನ ಪೋರ್ಟ್ರೇಟ್ ಮೋಡ್ ಇದೆಯಲ್ಲ ಎನ್ನುವವರಿಗೆ ಹೆರಳಿನಲ್ಲಿ ಮಲ್ಲಿಗೆ ಮುಡಿದವರ ಫೋಟೊ ತೆಗೆದು ನೋಡಲು ಹೇಳುತ್ತೇನೆ. ಲೆಕ್ಕ ಹಾಕಿ ಮಸುಕು ಮಾಡುವ ಮೊಬೈಲಿಗೆ ಕೂದಲು ಎಲ್ಲಿ ಮುಗಿಯಿತು, ಹೂವಿನ ಎಸಳು ಎಲ್ಲಿ ಶುರುವಾಯಿತು ಎಂಬುದು ಎಷ್ಟೋ ಸಲ ಗೊತ್ತಾಗುವುದಿಲ್ಲ. ದಂಡೆಯ ಅಂಚು ಕತ್ತರಿಯಿಂದ ಕತ್ತರಿಸಿದಂತೆ ಕಾಣುತ್ತದೆ. ಜಿಐ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಗೆ ಈ ಗತಿ ಬರಬಾರದು. ಗಾಜಿನ ಲೆನ್ಸು ಎಸಳನ್ನು ಎಸಳಾಗಿಯೇ ಮೆಲ್ಲಗೆ ಮಸುಕಿಗೆ ಇಳಿಸುತ್ತದೆ. ಕಪ್ಪು ಕೂದಲ ಪಕ್ಕದ ಬಿಳಿ ಹೂವು ಬೇಗ ಸುಟ್ಟುಹೋಗುವುದರಿಂದ ಹಿಸ್ಟೊಗ್ರಾಮಿನ ಬಲತುದಿಯ ಮೇಲೆ ಕಣ್ಣಿಟ್ಟಿರಬೇಕು, ಅಷ್ಟೇ.

ಭಂಡಾರದ ಹಬ್ಬದಲ್ಲಿ

ಭಾರತ ಹುಣ್ಣಿಮೆಯ ಸುಮಾರಿಗೆ ಮೈಲಾರದಲ್ಲಿ ಜಾತ್ರೆ ನೆರೆದಾಗ ರಾಜ್ಯದ ಮೂಲೆಮೂಲೆಯ ಕ್ಯಾಮೆರಾಗಳು ಹಡಗಲಿ ತಾಲ್ಲೂಕಿಗೆ ಬರುತ್ತವೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದು ಕಾರಣಿಕ ನುಡಿಯುವ ಗಳಿಗೆಗೆ 50ರ ಲೆನ್ಸ್ ಸಾಲದು. ಆ ಜನಸಾಗರದಲ್ಲಿ ಅಷ್ಟು ಹತ್ತಿರ ಹೋಗಲಾಗದು. ಅದನ್ನು ಟೆಲಿ ಲೆನ್ಸಿನವರಿಗೆ ಬಿಡಿ. 50ರ ಕೆಲಸ ಇರುವುದು ಎತ್ತಿನ ಗಾಡಿಗಳು ಬಿಡಾರ ಹೂಡಿದ ಕಡೆ, ಒಲೆಯ ಪಕ್ಕ, ಗಾಡಿಯ ನೆರಳಲ್ಲಿ ದಣಿವಾರಿಸಿಕೊಳ್ಳುವ ಗೊರವಪ್ಪನ ಎದುರು. ಕರಿ ಕಂಬಳಿ, ಕೈಯಲ್ಲಿ ಡಮರುಗ, ಹಣೆ ತುಂಬ ಭಂಡಾರ. ಕೇಳಿಯೇ ತೆಗೆಯಬೇಕು. ಬೇಡ ಎಂದರೆ ಕೈಮುಗಿದು ಮುಂದೆ ಹೋಗಬೇಕು.

ಒಪ್ಪಿದಾಗ ಕ್ಯಾಮೆರಾದ ಮೀಟರನ್ನು ನಂಬಬೇಡಿ. ಚೌಕಟ್ಟಿನ ತುಂಬ ಕರಿ ಕಂಬಳಿ ಕಂಡರೆ ಅದು ಕತ್ತಲೆಂದು ತಿಳಿದು ಚಿತ್ರವನ್ನು ಬೆಳಗಿಸಿಬಿಡುತ್ತದೆ. ಕಂಬಳಿ ಬೂದಿ ಬಣ್ಣವಾಗಿ, ಭಂಡಾರ ಬಿಳಚಿ, ಮುಖದ ಕಪ್ಪು ತೊಳೆದುಹೋಗುತ್ತದೆ. ಒಂದು ಸ್ಟಾಪಿನಷ್ಟು ಕಡಿಮೆ ಮಾಡಿ. ಬಿಳಿ ರುಮಾಲು, ಬಿಳಿ ಧೋತರದವರು ಸುಣ್ಣದ ಗೋಡೆಗೆ ಒರಗಿ ಕೂತಾಗ ತದ್ವಿರುದ್ಧ, ಒಂದು ಸ್ಟಾಪಿನಷ್ಟು ಹೆಚ್ಚಿಸಿ. ವೈಟ್ ಬ್ಯಾಲೆನ್ಸನ್ನು ಆಟೊದಲ್ಲಿ ಬಿಟ್ಟರೆ ಅರಿಸಿನದ ಹಳದಿಯನ್ನು ಅದು ದೋಷವೆಂದು ತಿಳಿದು ನೀಲಿ ಬೆರೆಸಲು ನೋಡುತ್ತದೆ. ಬಿಸಿಲಿಗೋ ನೆರಳಿಗೋ ಕೈಯಾರೆ ಹೊಂದಿಸಿಡಿ.

ಭಂಡಾರ ಲೆನ್ಸಿಗೆ ಒಳ್ಳೆಯದಲ್ಲ. ಅಗ್ಗದ 50ಗಳಲ್ಲಿ ಹಲವು ಫೋಕಸ್ ಮಾಡುವಾಗ ಒಳಗಿನ ಕೊಳವೆಯನ್ನು ಮುಂದೆ ಹಿಂದೆ ಜರುಗಿಸುತ್ತವೆ. ಆ ಸಂದಿಯೊಳಗೆ ಅರಿಸಿನದ ಪುಡಿ ಇಳಿದರೆ ಮೋಟರ್ ಬಿಗಿಯಾಗುತ್ತದೆ. ಮುಂದೆ ಒಂದು ಸಾದಾ ಫಿಲ್ಟರ್, ಒಂದು ಹುಡ್ ಹಾಕಿರಬೇಕು. ಕೊಳವೆ ಒಳಗೆ ಸರಿದ ಮೇಲೆಯೇ ಕ್ಯಾಮೆರಾ ಆಫ್ ಮಾಡಬೇಕು. ಪುಡಿ ಕೂತ ಗಾಜನ್ನು ಟವಲಿನಿಂದ ಒರೆಸಿದರೆ ಗೀರು ಖಚಿತ. ಮೊದಲು ಗಾಳಿ ಊದುವ ಬ್ಲೋವರ್, ಆಮೇಲೆ ಮೆತ್ತನೆಯ ಬ್ರಷ್, ಕೊನೆಗೆ ಬಟ್ಟೆ. ಜಾತ್ರೆಯ ಮಧ್ಯೆ ಲೆನ್ಸ್ ಬಿಚ್ಚಿ ಬದಲಿಸುವ ಗೋಜಿಗೆ ಹೋಗಲೇಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹಿಂದಿನ ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಬೇಕು. ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ತಿಂಗಳುಗಟ್ಟಲೆ ಮುಚ್ಚಿಟ್ಟ ಲೆನ್ಸುಗಳಿಗೆ ಇದು ಬರುತ್ತದೆ. ಅಂಥದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಕಲ್ಲುಗೋಡೆಗೆ ಎದುರಾಗಿ ನೇರ ನಿಂತು ಎಫ್ 2.8ರಲ್ಲಿ ಒಂದು ಚಿತ್ರ ತೆಗೆದು, ನಾಲ್ಕು ಮೂಲೆಗಳನ್ನೂ ದೊಡ್ಡದು ಮಾಡಿ ನೋಡಿ. ಒಂದು ಮೂಲೆ ಮಾತ್ರ ಮಂಜಾಗಿದ್ದರೆ ಆ ಲೆನ್ಸ್ ಎಲ್ಲೋ ಬಿದ್ದು ಎದ್ದಿದೆ.

ಇನ್ನು ಉಳಿದದ್ದು ಮುದ್ರಣ. ಮೆಮೊರಿ ಕಾರ್ಡಿನಲ್ಲಿ, ಸ್ಟೇಟಸ್ಸಿನಲ್ಲಿ ಇರುವ ಮುಖ ಮುಂದಿನ ಫೋನ್ ಬದಲಾಗುವವರೆಗೆ ಮಾತ್ರ. ಒಳ್ಳೆಯ ಚಿತ್ರವೊಂದನ್ನು 12×18ಕ್ಕೆ ಮುದ್ರಿಸಿ ಆ ಮನೆಗೆ ಕೊಡಿ, ಅವರು ಇರುವಾಗಲೇ ಕೊಡಿ. ಫೈಲ್ ಲ್ಯಾಬಿಗೆ ಕಳಿಸುವಾಗ ‘ಕಲರ್ ಕರೆಕ್ಷನ್ ಬೇಡ, ಸ್ಕಿನ್ ಸ್ಮೂತ್ ಬೇಡ’ ಎಂದು ಬರೆದು ತಿಳಿಸಿ. ಹೇಳದಿದ್ದರೆ ಎಷ್ಟೋ ಕಡೆ ಮುಖವನ್ನು ಬೆಳ್ಳಗೆ ಮಾಡಿ, ಸುಕ್ಕು ಒರೆಸಿ ಕಳಿಸುತ್ತಾರೆ. ಬಿಸಿಲಲ್ಲಿ ಅರವತ್ತು ವರ್ಷ ದುಡಿದ ಮುಖದ ಬಣ್ಣವನ್ನು ತಿದ್ದಲು ಅವರಿಗೂ ಹಕ್ಕಿಲ್ಲ, ನಮಗೂ ಇಲ್ಲ. ಮ್ಯಾಟ್ ಕಾಗದ ಕೇಳಿ. ಹೊಳೆಯುವ ಕಾಗದಕ್ಕೆ ಬಾಗಿಲ ಬೆಳಕು ಬಡಿದರೆ ಪಡಸಾಲೆಯ ಗೋಡೆಯ ಮೇಲೆ ಮುಖವೇ ಕಾಣಿಸುವುದಿಲ್ಲ.